ಅಕ್ಕನಾಗಮ್ಮನ ದಾಯ

(ಶ್ರೀಮಠದ ಮಹೋತ್ಸವದ ಶರಣಗೋಷ್ಠಿಯಲ್ಲಿ ನಡೆದ ಉಪನ್ಯಾಸ)



ಮಠದ ಮಹೋತ್ಸವಗಳಲ್ಲಿ ಗುರುಪರಂಪರೆಯನ್ನು ಸ್ಮರಿಸುವದು ವಾಡಿಕೆಯಾಗಿದೆ. ಒಬ್ಬ ಗುರುವಿನ ತರುವಾಯ ಇನ್ನೊಬ್ಬರು ಪಟ್ಟಕ್ಕೆ ಬಂದ ಕ್ರಮವನ್ನು ಓದಿ ಹೇಳಿ, ಅವರವರ ಕಾಲದಲ್ಲಿ ನಡೆದ ದಾಸೋಹ ಪಾಠಶಾಲೆಗಳನ್ನು ಎಣಿಸುವದುಂಟು. ಪರಂಪರೆಯೆಂಬುದು ದಾಯವೇ. ಹಿರಿಯರು ಬಿಟ್ಟುಹೋದದ್ದು ಕಿರಿಯರ ಕೈಗೆ ಯಾವ ದಾರಿಯಿಂದ ಬಂದಿತೆಂಬ ಲೆಕ್ಕವೇ ಅದರ ತಿರುಳು. ಈ ಲೆಕ್ಕವು ಮಠಕ್ಕೆ ಎಷ್ಟು ಅವಶ್ಯವೋ ಮನೆಗೂ ಅಷ್ಟೇ ಅವಶ್ಯವು. ಇಂದಿನ ವಿಷಯವು ಒಂದು ಮನೆಯದಾಗಿರುವದು. ಬಾಗೇವಾಡಿಯ ಮಾದರಸನ ಮನೆಯದು. ಆ ಮನೆಯ ದಾಯವು ಗಂಡುಮಕ್ಕಳ ಸಾಲಿನಲ್ಲಿ ಇಳಿದು ಬರಲಿಲ್ಲ, ಒಬ್ಬ ಅಕ್ಕನ ಮಡಿಲಿನಿಂದ ಇಳಿದು ಬಂದಿತು. ಇದನ್ನು ಲಿಂಗವಂತರ ಮನೆಯ ಕೂಸುಗಳೂ ಬಲ್ಲವು. ಹೊಲಮನೆಗಳ ಪಾಲಿನ ಮಾತು ಬಂದಾಗ ಮಾತ್ರ ದೊಡ್ಡವರಿಗೆ ಇದು ನೆನಪಾಗುವದಿಲ್ಲ.

ಬಾಗೇವಾಡಿಯು ವಿಜಯಪುರ ನಗರದಿಂದ ಸುಮಾರು 43 ಕಿಲೋಮೀಟರು ದೂರದಲ್ಲಿರುವದು. 12ನೆಯ ಶತಮಾನದಲ್ಲಿ ಅದೊಂದು ಅಗ್ರಹಾರವಾಗಿದ್ದಿತು. ಅಲ್ಲಿಯ ಮಾದರಸ ಮಾದಲಾಂಬಿಕೆಯರ ಮಗಳು ನಾಗಮ್ಮ, ಮಗನು ಬಸವಣ್ಣ. ಅಕ್ಕನು ಹಿರಿಯಳು. ಹರಿಹರ ಕವಿಯು ತನ್ನ ರಗಳೆಯಲ್ಲಿ, ಎಳವೆಯಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡ ಬಸವಣ್ಣನವರು ಜನಿವಾರವನ್ನು ತೊರೆದು ಕೂಡಲಸಂಗಮಕ್ಕೆ ಹೋದರೆಂದು ವರ್ಣಿಸುವನು. ಭೀಮಕವಿಯು 1369ರಲ್ಲಿ ಕನ್ನಡಿಸಿದ ಬಸವಪುರಾಣದಲ್ಲಿ, ಬಾಲಕನಿರುವಾಗಲೇ ಉಪನಯನವನ್ನು ಒಲ್ಲೆನೆಂದ ಪ್ರಸಂಗವು ಬರುವದು. ಆದರೆ ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವ ಕಥೆಯು ಬೇರೆ. ಅಲ್ಲಿ ಹುಡುಗನು ತಂದೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಾನೆ: ನನಗಿಂತ ಹಿರಿಯಳಾದ ಅಕ್ಕನಿಗೆ ಈ ಸಂಸ್ಕಾರವಿಲ್ಲವೇಕೆ? ಹೆಣ್ಣಿಗೆ ಅದು ಸಲ್ಲದೆಂಬ ಉತ್ತರ ಬಂದಾಗ, ಅಕ್ಕನಿಗೆ ಸಲ್ಲದ್ದು ತನಗೂ ಬೇಡವೆಂದು ಎದ್ದುಹೋಗುತ್ತಾನೆ.

ಕಾವ್ಯದ ಕಥೆಗಿಂತ ಬಾಯಿಮಾತಿನ ಈ ಕಥೆಯು ಜನರಲ್ಲಿ ಹೆಚ್ಚು ಬಲವಾಗಿ ನಿಂತದ್ದು ವಿಚಾರಮಾಡತಕ್ಕ ಸಂಗತಿಯಾಗಿದೆ. ಉಪನಯನವು ಬರಿಯ ದಾರದ ಸಂಸ್ಕಾರವಲ್ಲ. ಅಗ್ರಹಾರದ ಮನೆಯಲ್ಲಿ ವೇದಾಧಿಕಾರ, ಪಿತೃಕರ್ಮದ ಅಧಿಕಾರ, ವೃತ್ತಿಯ ಅಧಿಕಾರ ಇವೆಲ್ಲವೂ ಅದನ್ನು ಅನುಸರಿಸಿ ಬರುತ್ತಿದ್ದವು. ಅಂದಮೇಲೆ ಆ ಹುಡುಗನು ಕೇಳಿದ್ದು ದಾಯದ ಪ್ರಶ್ನೆಯನ್ನೇ. ಒಂದೇ ಒಡಲಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಎಲ್ಲವೂ ಬರುವದು, ಇನ್ನೊಬ್ಬರಿಗೆ ಏನೂ ಬಾರದಿರುವದು ಯಾವ ನ್ಯಾಯವೆಂದು ಕೇಳಿದನು. ಉತ್ತರ ಬಾರದಾಗ ತನ್ನ ಪಾಲನ್ನೇ ಬಿಟ್ಟು ಹೊರಬಿದ್ದನು.

ಇಲ್ಲೊಂದು ಶಾಸನದ ಮಾತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿ ಯಾದವರ ಕಾಲದ, 1260ರ ಸುಮಾರಿನ ಶಾಸನವೊಂದಿದೆ. ಬಸವಣ್ಣನವರ ಮನೆತನವನ್ನು ಹೆಸರಿಸುವ ಅಪರೂಪದ ಕಲ್ಲು ಅದು. ಅದರಲ್ಲಿ ಬಾಗೇವಾಡಿಯ ಮಾದಿರಾಜನುಂಟು, ಅಣ್ಣನಾದ ದೇವರಾಜನುಂಟು, ಆತನ ವಂಶದಲ್ಲಿ ಬಂದ ಹಾಲಬಸವಿದೇವನುಂಟು. ದತ್ತಿಯ ಶಾಸನವಾದುದರಿಂದ ಗಂಡುಸಂತತಿಯ ಸಾಲನ್ನು ಹಿಡಿದು ಅದು ನಡೆಯುವದು. ದತ್ತಿಯು ಯಾರಿಗೆ ಸಲ್ಲಬೇಕೆಂಬುದನ್ನು ಕಲ್ಲು ಹೇಳುವದು. ಧರ್ಮವು ಯಾರಿಂದ ಉಳಿಯಿತೆಂಬುದನ್ನು ಹೇಳುವ ಕೆಲಸವು ಪುರಾಣಗಳಿಗೂ ಜನವಾಣಿಗೂ ಬಿದ್ದಿತು. ಅವೆರಡರಲ್ಲಿಯೂ ನಾಗಮ್ಮನೇ ಮುಂದೆ ನಿಲ್ಲುವಳು.

ಅವಳ ಮಗನು ಚೆನ್ನಬಸವಣ್ಣ. ಪ್ರಸಾದಮಹಿಮೆಯಿಂದ ಆತನ ಜನನವಾಯಿತೆಂದು ಪುರಾಣಗಳು ಕೊಂಡಾಡುವವು. ವಿರೂಪಾಕ್ಷ ಪಂಡಿತನು 1584ರಲ್ಲಿ ರಚಿಸಿದ ಚೆನ್ನಬಸವಪುರಾಣವು ನಮ್ಮ ಮಠಗಳಲ್ಲಿ ಶ್ರಾವಣಮಾಸದ ಪುರಾಣಕ್ಕೆ ಇಂದಿಗೂ ಸಲ್ಲುತ್ತಿರುವದು. ಶೂನ್ಯಸಿಂಹಾಸನದಲ್ಲಿ ಮೊದಲು ಅಲ್ಲಮಪ್ರಭುದೇವರು ಮಂಡಿಸಿದರು; ಅವರ ತರುವಾಯ ಮಂಡಿಸಿದವರು ಈ ಸೋದರಳಿಯನಾದ ಚೆನ್ನಬಸವಣ್ಣನವರು. ಸೊನ್ನಲಿಗೆಯ ಸಿದ್ಧರಾಮನಿಗೆ ಲಿಂಗದೀಕ್ಷೆಯನ್ನಿತ್ತವರೂ ಅವರೇ. ಷಟ್‌ಸ್ಥಲದ ವ್ಯವಸ್ಥೆಯನ್ನು ಸ್ಥಿರಗೊಳಿಸಿದ್ದರಿಂದ ಅವರಿಗೆ ಷಟ್‌ಸ್ಥಲ ಚಕ್ರವರ್ತಿಯೆಂಬ ಬಿರುದು ಬಂದಿತು. ಅವರ ಹೆಸರಿನಲ್ಲಿ ಪ್ರಸಿದ್ಧವಾದ ಕೃತಿಗೆ ‘ಕರಣಹಸುಗೆ’ ಎಂದು ಹೆಸರು. ಹಸುಗೆಯೆಂದರೆ ಪಾಲುಮಾಡುವದು, ವಿಂಗಡಿಸುವದು. ದೇಹದ ತತ್ತ್ವಗಳನ್ನು ಪಾಲುಮಾಡಿ ತೋರಿಸುವ ಗ್ರಂಥಕ್ಕೆ ಒಕ್ಕಲಿಗನ ಮನೆಯ ಮಾತನ್ನು ಇಟ್ಟಿರುವದು ಕೇಳುವದಕ್ಕೆ ಇಂಪಾಗಿದೆ.

ಲೌಕಿಕನೊಬ್ಬನು ಕಲ್ಯಾಣದ ಬಸವಣ್ಣನವರ ಮನೆಯನ್ನು ಹೊಕ್ಕು ವಾರಸುದಾರನು ಯಾರೆಂದು ವಿಚಾರಿಸಿದ್ದರೆ, ಆ ಕಾಲದ ಕಾಯದೆಯಂತೆ ಅಕ್ಕನ ಮಗನು ಬಹಳ ದೂರದವನು. ಬೇರೆ ಗೋತ್ರದಲ್ಲಿ ಹುಟ್ಟಿದವನು, ಬಂಧುವೇ ಹೊರತು ದಾಯಾದನಲ್ಲ. ಆದರೆ ಶರಣರು ಗೋತ್ರವನ್ನು ಕೇಳಲಿಲ್ಲ. ಅರಿವು ಯಾರಲ್ಲಿದೆ ಎಂದು ನೋಡಿದರು. ಆ ಅರಿವನ್ನು ಸಾಕಿದ ತಾಯಿಯು ಮಹಾಮನೆಯ ದಾಸೋಹದ ಹೊಣೆಯನ್ನು ಹೊತ್ತವಳೆಂದು ಪರಂಪರೆಯು ಹೇಳುವದು. ಅವಳೂ ವಚನಗಳನ್ನು ರಚಿಸಿದಳು. ಅವಳ ಅಂಕಿತವು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಎಂದಿರುವದು. ತಮ್ಮನ ಹೆಸರನ್ನು ತನ್ನ ಇಷ್ಟದೈವದ ಹೆಸರಿನೊಡನೆ ಹೆಣೆದು ಅಂಕಿತ ಮಾಡಿಕೊಂಡ ಅಕ್ಕನು ಬೇರೆ ಸಾಹಿತ್ಯಗಳಲ್ಲಿ ದೊರೆಯುವದು ಕಠಿಣ.

ಆ ಮನೆಯಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳಿದ್ದರು, ಗಂಗಾಂಬಿಕೆ ಮತ್ತು ನೀಲಾಂಬಿಕೆ. ತಮ್ಮತಮ್ಮಲ್ಲಿ ಅವರು ಸವತಿಯರು; ನಾಗಮ್ಮನಿಗೆ ತಮ್ಮನ ಹೆಂಡಂದಿರು. ನಮ್ಮ ಕಡೆಯ ಬೀಸುವ ಪದಗಳಲ್ಲಿ ಅತ್ತಿಗೆ ನಾದಿನಿಯರ ಜಗಳವಿಲ್ಲದ ಪದವನ್ನು ಹುಡುಕಿ ತೆಗೆಯಬೇಕು. ಸವತಿಯರ ಮಾತಂತೂ ಹೇಳತಕ್ಕದ್ದೇ ಇಲ್ಲ. ಹೀಗಿರಲು ಈ ಮೂವರ ವಿಷಯದಲ್ಲಿ ಯಾವ ಪುರಾಣಿಕನೂ ಪಾಲಿಗಾಗಿ ಆದ ಕಲಹವೊಂದನ್ನು ದೊಡ್ಡದಾಗಿ ಹೇಳಲಿಲ್ಲ. ಒಬ್ಬೊಬ್ಬರಿಗೂ ತನ್ನತನವಿದ್ದಿತು, ಗಂಗಾಂಬಿಕೆಯ ವಚನಗಳಿಗೆ ‘ಗಂಗಾಪ್ರಿಯ ಕೂಡಲಸಂಗಮದೇವ’ ಎಂಬ ಅಂಕಿತ, ನೀಲಮ್ಮನ ವಚನಗಳಿಗೆ ‘ಸಂಗಯ್ಯ’ ಎಂಬ ಅಂಕಿತ. ಒಂದೇ ಮನೆಯ ಮೂವರು ಹೆಂಗಸರು ಮೂರು ಅಂಕಿತಗಳನ್ನಿಟ್ಟುಕೊಂಡು ನುಡಿದರೆಂದರೆ, ಆ ಮನೆಯಲ್ಲಿ ಮಾತಿನ ಪಾಲು ಸಮನಾಗಿ ಹಂಚಿದ್ದಿತೆಂದೇ ಅರ್ಥ.

1167-68ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವಾಯಿತು. ಹರಳಯ್ಯ ಮಧುವರಸರ ಮಕ್ಕಳ ವಿವಾಹ, ಎಳೆಹೂಟೆಯ ಶಿಕ್ಷೆ, ಬಿಜ್ಜಳನ ಕೊಲೆ ಇವನ್ನು ಇಲ್ಲಿ ವಿಸ್ತರಿಸುವ ಕಾರಣವಿಲ್ಲ. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಮನೆಯ ಯಜಮಾನನು ಇಲ್ಲವಾದ ಹೊತ್ತಿನಲ್ಲಿ ಮನೆತನವು ಏನನ್ನು ಹಿಡಿದುಕೊಂಡು ಹೊರಬೀಳುತ್ತದೆ ಎಂಬುದರಿಂದ ಅದು ಯಾವುದನ್ನು ಆಸ್ತಿಯೆಂದು ತಿಳಿದಿತ್ತೆಂಬುದು ಗೊತ್ತಾಗುವದು. ಭಂಡಾರಿಯ ಮನೆಯಿಂದ ಹೊನ್ನು ಹೊತ್ತರೆಂದು ಯಾರೂ ಹೇಳುವದಿಲ್ಲ. ವಚನಗಳ ಕಟ್ಟುಗಳನ್ನು ಹೊತ್ತರೆಂದೇ ಪರಂಪರೆಯ ಮಾತು. ಚೆನ್ನಬಸವಣ್ಣ, ಮಡಿವಾಳ ಮಾಚಯ್ಯ ಮೊದಲಾದವರೊಡನೆ ಅಕ್ಕನಾಗಮ್ಮನು ಆ ಶರಣರ ದಂಡನ್ನು ನಡಿಸಿಕೊಂಡು ಪಡುವಣದ ಕಾಡಿನತ್ತ ಹೋದಳು. ದಾರಿಯಲ್ಲಿ ಕಾದರವಳ್ಳಿಯಲ್ಲಿ ಬೆನ್ನಟ್ಟಿದ ಸೈನ್ಯದೊಡನೆ ಕಾದಾಟವಾಯಿತು.

ಅವರು ಐಕ್ಯವಾದ ಸ್ಥಳಗಳನ್ನು ಒಮ್ಮೆ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನೀಲಾಂಬಿಕೆಯು ನಮ್ಮ ಜಿಲ್ಲೆಯ ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಗಂಗಾಂಬಿಕೆಯು ಮಲಪ್ರಭೆಯ ದಂಡೆಯಲ್ಲಿ, ಎಂ.ಕೆ. ಹುಬ್ಬಳ್ಳಿಯ ಬಳಿಯಲ್ಲಿ. ಚೆನ್ನಬಸವಣ್ಣನವರು ಉತ್ತರ ಕನ್ನಡದ ಉಳವಿಯಲ್ಲಿ. ಅಕ್ಕನಾಗಮ್ಮನು ಎಲ್ಲರಿಗಿಂತ ದೂರ, ತರೀಕೆರೆಯ ಸಮೀಪದ ಎಣ್ಣೆಹೊಳೆಯಲ್ಲಿ. ಬಾಗೇವಾಡಿಯ ಮನೆಯ ಹಿರಿಯ ಮಗಳು ತವರಿನಿಂದ ಅಷ್ಟು ದೂರ ನಡೆದು ಮಲೆನಾಡಿನ ಅಂಚಿನಲ್ಲಿ ದೇಹವಿಟ್ಟಳು. ಪಂಚಮಿಗೆ ಕರೆಯಬರುವ ತಮ್ಮನು ಅವಳಿಗೆ ಉಳಿದಿರಲಿಲ್ಲ. ತಮ್ಮನ ಮಾತುಗಳು ಅವಳ ಸಂಗಡ ಇದ್ದವು.

ಆ ಕಟ್ಟುಗಳ ಮುಂದಿನ ಗತಿಯು ವಿಜಯಪುರ ನಗರಕ್ಕೆ ಬಂದು ಮುಟ್ಟುವದು. ಶತಮಾನಗಳ ವರೆಗೆ ಮಠಗಳಲ್ಲಿಯೂ ಭಕ್ತರ ಮನೆಗಳ ದೇವರ ಜಗಲಿಯ ಮೇಲೆಯೂ ಓಲೆಗರಿಗಳು ಪೂಜೆಗೊಳ್ಳುತ್ತಿದ್ದವು, ಓದುವವರು ವಿರಳರಾಗಿದ್ದರು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಿದ್ದಿತು, 1926ರಿಂದ ಶಿವಾನುಭವ ಪತ್ರಿಕೆಯು ನಡೆಯಿತು. ಹಿತಚಿಂತಕ ಮುದ್ರಣಾಲಯಕ್ಕಾಗಿ ಅವರು ವಾಸದ ಮನೆಯನ್ನು ಮಾರಿದ್ದು ಈ ನಗರದಲ್ಲಿ ಎಲ್ಲರೂ ಬಲ್ಲ ಸಂಗತಿ. ಅಕ್ಕನು ಹೊತ್ತ ಗಂಟನ್ನು ಬಿಚ್ಚುವದಕ್ಕೆ ಒಬ್ಬ ವಕೀಲರು ಬೇಕಾದರು. ಕೋರ್ಟಿನಲ್ಲಿ ದಿನವೂ ಅಣ್ಣತಮ್ಮಂದಿರ ಪಾಲಿನ ಖಟ್ಲೆಗಳನ್ನು ಕಾಣುವ ವೃತ್ತಿಯವರು ತಮ್ಮ ಮನೆಯನ್ನೇ ಮಾರಿ ಈ ಆಸ್ತಿಯನ್ನು ಕನ್ನಡಿಗರೆಲ್ಲರಿಗೂ ಹಂಚಿದರು. 1964ರಲ್ಲಿ ಅವರು ಲಿಂಗೈಕ್ಯರಾದರು.

ವಿಜಯಪುರ ನಗರದ ಕೋಟೆಯೊಳಗೆ ಇನ್ನೊಂದು ಮನೆತನದ ಕಥೆಯೂ ಹುದುಗಿರುವದು. ಅದನ್ನು ಹೇಳುವಾಗ ಮತದ ವಿಚಾರವು ಬೇಡ; ಅಕ್ಕತಂಗಿಯರ ವಿಚಾರವು ಸಾಕು. ಆದಿಲಶಾಹಿಯ ಇಸ್ಮಾಯಿಲನ ಸೋದರಿ ಮರಿಯಮಳನ್ನು 1524ರಲ್ಲಿ ಅಹಮದನಗರದ ಬುರ್ಹಾನ ನಿಜಾಮಶಹನಿಗೆ ಕೊಟ್ಟು ಸೊಲ್ಲಾಪುರದಲ್ಲಿ ಮದುವೆ ಮಾಡಿದರು. ಸೊಲ್ಲಾಪುರದ ಕೋಟೆಯನ್ನು ಅವಳ ಬಳುವಳಿಯಾಗಿ ಕೊಡುವ ಮಾತು ಆಗಿದ್ದಿತು. ಮದುವೆಯಾಯಿತು, ಕೋಟೆಯು ಮಾತ್ರ ಕೈಬದಲಾಗಲಿಲ್ಲ. ಆ ಒಂದು ಮಾತಿಗೆ ಎರಡೂ ರಾಜ್ಯಗಳು ಸುಮಾರು ನಾಲ್ವತ್ತು ವರ್ಷ ಕಾದಾಡಿದವು. ಗಂಡನ ಸೈನ್ಯವೂ ಅಣ್ಣನ ಸೈನ್ಯವೂ ಎದುರುಬದುರಾದಾಗ ಮರಿಯಮಳು ಏನೆಂದುಕೊಂಡಳೋ ಬಖರಿಗಳು ಬರೆದಿಲ್ಲ. ಕೊನೆಗೆ 1564ರಲ್ಲಿ, ವಿಜಯನಗರದ ಮೇಲೆ ಒಟ್ಟಾಗಿ ಹೋಗುವ ಸಲುವಾಗಿ, ಅಹಮದನಗರದ ಚಾಂದಬೀಬಿಯನ್ನು ಮೊದಲನೆಯ ಅಲಿ ಆದಿಲಶಹನಿಗೆ ಕೊಟ್ಟರು. ಅಲಿಯ ತಂಗಿ ಹದಿಯಾ ಸುಲ್ತಾನಳನ್ನು ಅಹಮದನಗರದ ರಾಜಕುಮಾರ ಮುರ್ತಜಾನಿಗೆ ಕೊಟ್ಟರು. ಅದೇ ಸೊಲ್ಲಾಪುರದ ಕೋಟೆಯು ಈ ಸಾರೆ ಚಾಂದಬೀಬಿಯ ಬಳುವಳಿಯಾಗಿ ವಿಜಾಪುರಕ್ಕೆ ಬಂದಿತು. ಒಬ್ಬ ಹೆಣ್ಣುಮಗಳಿಗೆ ಆಡಿ ಕೊಡದಿದ್ದದ್ದನ್ನು ಇನ್ನೊಬ್ಬ ಹೆಣ್ಣುಮಗಳ ಹೆಸರಿನಲ್ಲಿ ತೀರಿಸಿದರೆಂದರೂ ಸರಿಯೇ. ಎರಡು ಸಾರೆಯೂ ಕೋಟೆಯ ಕೀಲಿಕೈ ಹೆಂಗಸಿನ ಕೈಗೆ ಬರಲಿಲ್ಲ.

ಚಾಂದಬೀಬಿಯ ಮುಂದಿನ ಚರಿತ್ರೆಯು ಪ್ರಸಿದ್ಧವಾದದ್ದು. 1580ರಲ್ಲಿ ಅಲಿಯು ಕೊಲೆಯಾದ ಮೇಲೆ ಒಂಬತ್ತು ವರ್ಷದ ಎರಡನೆಯ ಇಬ್ರಾಹಿಮನ ಹೆಸರಿನಲ್ಲಿ ರಾಜ್ಯವನ್ನು ಕಾಯ್ದಳು. 1595-96ರಲ್ಲಿ ತವರಿನ ಅಹಮದನಗರದ ಕೋಟೆಯನ್ನು ಮೊಗಲರಿಂದ ಉಳಿಸಿದಳು. 1600ರಲ್ಲಿ ತನ್ನವರಿಂದಲೇ ಹತಳಾದಳು. ಕೊಟ್ಟ ಮನೆಯನ್ನೂ ಹುಟ್ಟಿದ ಮನೆಯನ್ನೂ ಕಾಯ್ದವಳು ಅವಳೇ. ಇದಕ್ಕಿಂತ ಕರುಳು ಹಿಂಡುವ ಕಥೆಯು ಕಟ್ಟಕಡೆಯ ಸುಲ್ತಾನ ಸಿಕಂದರನ ಸೋದರಿ ಶಹರಬಾನುವಿನದು. ರಾಜ್ಯವನ್ನು ಉಳಿಸಿಕೊಳ್ಳುವ ಸಲುವಾಗಿ 1679ರಲ್ಲಿ ಅವಳನ್ನು ಮೊಗಲರ ಬೀಡಿಗೆ ಕಳಿಸಿದರು. ಔರಂಗಜೇಬನ ಮಗ ಆಜಮನ ಸಂಗಡ ಅವಳ ಮದುವೆಯಾಯಿತು. 1685ರಲ್ಲಿ ವಿಜಾಪುರಕ್ಕೆ ಮುತ್ತಿಗೆ ಹಾಕಿದ ಸೈನ್ಯದ ನಾಯಕನು ಅದೇ ಆಜಮ. 1686ರ ಸಪ್ಟೆಂಬರದಲ್ಲಿ ಕೋಟೆಯು ಬಿದ್ದಿತು.

ಇನ್ನು ಕಾಯದೆಯ ಮಾತು. ಇದನ್ನು ಮಠದ ವೇದಿಕೆಯಲ್ಲಿ ಆಡಬಹುದೇ ಎಂದು ಕೆಲವರಿಗೆ ಅನಿಸೀತು. ದಾಯದ ಶಾಸ್ತ್ರವು ಹುಟ್ಟಿದ್ದೇ ಕಲ್ಯಾಣದಲ್ಲಿ ಎಂಬುದನ್ನು ನೆನೆದರೆ ಆ ಸಂಕೋಚವು ಉಳಿಯಲಾರದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದನು. ಆತನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಭರತಖಂಡದ ಬಹುಭಾಗಕ್ಕೆ ಅದೇ ದಾಯದ ಗ್ರಂಥವಾಯಿತು. ಬಸವಣ್ಣನವರು ಮುಂದೆ ಮಹಾಮನೆಯನ್ನು ನಡಿಸಿದ್ದು ಅದೇ ಪಟ್ಟಣದಲ್ಲಿ, ಕೆಲವೇ ದಶಕಗಳ ತರುವಾಯ.

ಮಿತಾಕ್ಷರವು ಹೆಣ್ಣುಮಕ್ಕಳನ್ನು ಪೂರ್ತಿ ಹೊರಗಿಟ್ಟಿತೆಂದು ತಿಳಿಯುವದು ತಪ್ಪು. ಅಣ್ಣತಮ್ಮಂದಿರು ಅವಿವಾಹಿತಳಾದ ಸೋದರಿಗೆ ನಾಲ್ಕನೆಯ ಅಂಶವನ್ನು ಕೊಡಬೇಕೆಂದು ಸ್ಮೃತಿಯಲ್ಲಿರುವಲ್ಲಿ, ಅದು ಬರಿಯ ಮದುವೆಯ ಖರ್ಚೆಂದು ಹೇಳುವವರನ್ನು ವಿಜ್ಞಾನೇಶ್ವರನು ಖಂಡಿಸುವನು; ತಂದೆಯ ಮರಣಾನಂತರ ಕನ್ಯೆಯೂ ಅಂಶಕ್ಕೆ ಅಧಿಕಾರಿಣಿಯೆಂದು ನಿರ್ಣಯಿಸುವನು. ಸ್ತ್ರೀಧನದ ಅರ್ಥವನ್ನೂ ಆತನು ವಿಶಾಲಗೊಳಿಸಿ, ದಾಯದಿಂದ ಬಂದದ್ದೂ ಅವಳ ಸ್ವಂತದ್ದೆಂದನು. ಆ ಮೇಲಿನವರು ನಾಲ್ಕನೆಯ ಅಂಶವನ್ನು ಮತ್ತೆ ಮದುವೆಯ ಖರ್ಚಿಗೇ ಇಳಿಸಿದರು. ಶಾಸ್ತ್ರವು ಕೊಟ್ಟದ್ದನ್ನು ವಾಡಿಕೆಯು ಕಸಿದುಕೊಂಡ ಬಗೆ ಇದು. ನಮ್ಮಲ್ಲಿ ವಾಡಿಕೆಯನ್ನೇ ಶಾಸ್ತ್ರವೆಂದು ಹೇಳಿಕೊಳ್ಳುವ ಚಟವು ಹಳೆಯದು.

ಸೋದರಿಯ ವಿಷಯದಲ್ಲಿ ಇನ್ನೊಂದು ರಸವತ್ತಾದ ಚರ್ಚೆಯುಂಟು. ಪಾಠಶಾಲೆಯ ವಿದ್ಯಾರ್ಥಿಗಳು ಇದನ್ನು ಮನಸ್ಸಿಟ್ಟು ಕೇಳಬೇಕು. ಮಕ್ಕಳಿಲ್ಲದೆ ತೀರಿಕೊಂಡವನ ಧನವು ‘ಭ್ರಾತೃ’ಗಳಿಗೆ ಸಲ್ಲುವದೆಂಬಲ್ಲಿ ಆ ಶಬ್ದದಲ್ಲಿ ಸೋದರಿಯು ಸೇರುವಳೋ ಇಲ್ಲವೋ? ಪಾಣಿನಿಯ ಏಕಶೇಷದ ವಿಧಿಯಂತೆ ಭ್ರಾತೃ ಶಬ್ದವೂ ಸ್ವಸೃ ಶಬ್ದವೂ ಕೂಡಿ ಬಂದಲ್ಲಿ ಭ್ರಾತೃ ಎಂಬುದೊಂದೇ ಉಳಿದು ಇಬ್ಬರನ್ನೂ ಹೇಳುವದು, ತಾಯಿತಂದೆಗಳಿಬ್ಬರನ್ನೂ ‘ಪಿತರೌ’ ಎನ್ನುವಂತೆ. ಇದನ್ನಾಧರಿಸಿ ನಂದಪಂಡಿತನೂ, ಲಕ್ಷ್ಮೀದೇವಿಯ ಹೆಸರಿನಲ್ಲಿ ಪ್ರಸಿದ್ಧವಾದ ಬಾಲಂಭಟ್ಟೀ ವ್ಯಾಖ್ಯಾನವೂ ಸೋದರಿಯನ್ನು ಒಳಗೆ ತೆಗೆದುಕೊಂಡವು. ಬೇರೆಯವರು ಒಪ್ಪಲಿಲ್ಲ. ಒಂದು ವ್ಯಾಕರಣಸೂತ್ರದ ಮೇಲೆ ಎಷ್ಟೋ ಅಕ್ಕತಂಗಿಯರ ಅನ್ನವು ತೂಗುತ್ತಿತ್ತು! ಅಚ್ಚಗನ್ನಡದ ‘ಒಡಹುಟ್ಟಿದವರು’ ಎಂಬ ಮಾತು ಸ್ಮೃತಿಯಲ್ಲಿದ್ದರೆ ಈ ವ್ಯಾಜ್ಯವೇ ಏಳುತ್ತಿರಲಿಲ್ಲ. ಕಾ‌ಶಿಯ ನೀಲಕಂಠಭಟ್ಟನು 17ನೆಯ ಶತಮಾನದಲ್ಲಿ ವ್ಯವಹಾರಮಯೂಖವನ್ನು ಬರೆದು, ತಂದೆಯ ತಾಯಿಯ ತರುವಾಯ ಸೋದರಿಗೆ ಸ್ಥಾನವನ್ನು ಕೊಟ್ಟನು. ಅವಳೂ ಅಣ್ಣನ ಗೋತ್ರದಲ್ಲಿಯೇ ಹುಟ್ಟಿದವಳೆಂಬುದು ಆತನ ಯುಕ್ತಿ. ಮುಂಬಯಿ ಇಲಾಖೆಯಲ್ಲಿ ಈ ಮತವು ನಡೆಯಿತು. ವಿಜಾಪುರ ಜಿಲ್ಲೆಯು ಆ ಇಲಾಖೆಗೆ ಸೇರಿದ್ದರಿಂದ, ಮದ್ರಾಸ ಇಲಾಖೆಯ ಸೋದರಿಯರಿಗಿಂತ ಇಲ್ಲಿಯವರ ಸ್ಥಿತಿಯು ಆಗ ತುಸು ಮೇಲಾಗಿದ್ದಿತು. 1929ರ ಎರಡನೆಯ ಕಾಯದೆಯು ಮಿತಾಕ್ಷರವು ನಡೆಯುವ ಎಲ್ಲ ಪ್ರಾಂತಗಳಲ್ಲಿಯೂ ಸೋದರಿಯನ್ನೂ ಸೋದರಿಯ ಮಗನನ್ನೂ ಸಮೀಪದ ವಾರಸುದಾರರಲ್ಲಿ ಸೇರಿಸಿತು. ಸೋದರಿ ಮತ್ತು ಸೋದರಿಯ ಮಗ: ನಾಗಮ್ಮ ಮತ್ತು ಚೆನ್ನಬಸವಣ್ಣ! ಕಲ್ಯಾಣದ ಶರಣರು ಒಪ್ಪಿದ್ದನ್ನು ಸರಕಾರವು ಒಪ್ಪುವದಕ್ಕೆ 760 ವರ್ಷಗಳ ಮೇಲಾಯಿತು.

ಇದೆಲ್ಲವೂ ಅಣ್ಣನು ಮಕ್ಕಳಿಲ್ಲದೆ ತೀರಿದಾಗಿನ ಮಾತು. ಪಿತ್ರಾರ್ಜಿತ ಹೊಲದಲ್ಲಿ ಮಗಳ ಪಾಲೇನೆಂಬುದು ನಿಜವಾದ ತೊಡಕು. 1956ರ ಜೂನ 17ರಿಂದ ನಡೆಗೆ ಬಂದ ಹಿಂದೂ ಉತ್ತರಾಧಿಕಾರ ಕಾಯದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರೆತ್ತಿ ತನ್ನೊಳಗೆ ಸೇರಿಸಿಕೊಂಡಿದೆ. ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡುವದು ಸುಲಭ. ತಾಯಿಯು ಮೊದಲೇ ತೀರಿದ ಒಂದು ಮನೆಯಲ್ಲಿ ತಂದೆ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಪಿತ್ರಾರ್ಜಿತ 24 ಎಕರೆ ಹೊಲ. ತಂದೆಯು ಮರಣಪತ್ರವಿಲ್ಲದೆ ತೀರಿಕೊಂಡನು. 1956ರ ಕಾಯದೆಯಂತೆ ಮೊದಲು ತಂದೆಗೂ ಇಬ್ಬರು ಗಂಡುಮಕ್ಕಳಿಗೂ 8 ಎಕರೆಯಂತೆ ಪಾಲು. ತಂದೆಯ 8 ಎಕರೆಯು ನಾಲ್ವರು ಮಕ್ಕಳಿಗೆ 2 ಎಕರೆಯಂತೆ. ಕೊನೆಗೆ ಮಗನಿಗೆ 10, ಮಗಳಿಗೆ 2.

ಕರ್ನಾಟಕ ಸರಕಾರವು ಮಾಡಿದ ತಿದ್ದುಪಡಿಯು 1994ರ ಜುಲೈ 30ರಿಂದ ಜಾರಿಗೆ ಬಂದಿತು. ಮಗಳೂ ಹುಟ್ಟಿನಿಂದಲೇ ಸಹದಾಯಾದಳೆಂದು ಅದು ಸಾರಿತು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದವಳಿಗೆ ಅದು ಅನ್ವಯಿಸಲಿಲ್ಲ. ಅದೇ ಮನೆಯಲ್ಲಿ ಹಿರಿಯ ಮಗಳ ಮದುವೆಯು 1993ರಲ್ಲಿ, ಕಿರಿಯಳದು 1995ರಲ್ಲಿ ಆಗಿ, ಅದರ ಮುಂದೆ ತಂದೆಯು ತೀರಿದನೆನ್ನಿರಿ. ಗಂಡುಮಕ್ಕಳಿಗೂ ಕಿರಿಯಳಿಗೂ ಏಳೂವರೆ ಎಕರೆಯಂತೆ ಬರುವದು, ಹಿರಿಯಳಿಗೆ ಒಂದೂವರೆ. ಎರಡು ವರ್ಷ ಮೊದಲು ಅಕ್ಷತೆ ಬಿದ್ದುದೇ ಅವಳ ಅಪರಾಧ! ಅಕ್ಕತಂಗಿಯರ ನಡುವೆ ಕಾಯದೆಯೇ ಬದುವು ಹಾಕಿದ ಸಂಗತಿಯಿದು. ಅಣ್ಣತಮ್ಮಂದಿರು ಮಾಡದ ಅನ್ಯಾಯವನ್ನು ಒಳ್ಳೆಯ ಉದ್ದೇಶದ ಶಾಸನವು ಮಾಡಿದಂತಾಯಿತು. 2005ರ ಸಪ್ಟೆಂಬರ 9ರಿಂದ ನಡೆಗೆ ಬಂದ ಕೇಂದ್ರದ ತಿದ್ದುಪಡಿಯು ಈ ಬದುವನ್ನು ಕಿತ್ತುಹಾಕಿತು. ಮದುವೆಯ ದಿನಾಂಕವನ್ನು ಅದು ಕೇಳುವದಿಲ್ಲ. ಮೇಲಿನ ಮನೆಯಲ್ಲಿ ಈಗ ನಾಲ್ವರಿಗೂ 6 ಎಕರೆಯಂತೆ ಸಮಪಾಲು.

ಹೊಸ ಕಾಯದೆಗೂ ಸಂದೇಹಗಳು ಅಂಟಿಕೊಂಡವು. ಕರ್ನಾಟಕದ ಒಂದು ಮನೆತನದಲ್ಲಿ ತಂದೆಯು 2001ರಲ್ಲಿ ತೀರಿಕೊಂಡನು. ವಿಧವೆ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಉಳಿದರು. 2002ರಲ್ಲಿ ಮೊಮ್ಮಗನು ಪಾಲಿನ ಖಟ್ಲೆಯನ್ನು ಹೂಡಿದನು. 1956ಕ್ಕಿಂತ ಮೊದಲು ಹುಟ್ಟಿದ ಸೋದರಿಯರಿಗೆ ಪಾಲಿಲ್ಲವೆಂದು ಕೆಳಗಿನ ಕೋರ್ಟೂ ಹೈಕೋರ್ಟೂ ಹೇಳಿದವು. ಆ ಇಬ್ಬರೂ ಅಕ್ಕತಂಗಿಯರು ಒಟ್ಟಾಗಿ ದಿಲ್ಲಿಯ ವರೆಗೆ ಹೋದರು. 2018ರ ಫೆಬ್ರುವರಿ 1ರಂದು ಸರ್ವೋಚ್ಚ ನ್ಯಾಯಾಲಯವು ಐವರಿಗೂ ಐದನೆಯ ಒಂದು ಪಾಲಿನಂತೆ ನಿರ್ಣಯಿಸಿತು. ತಂದೆಯು 2005ರಲ್ಲಿ ಬದುಕಿದ್ದಿರಬೇಕೇ ಎಂಬ ಸಂದೇಹವು 2020ರ ಆಗಸ್ಟ 11ರಂದು ಮೂವರು ನ್ಯಾಯಮೂರ್ತಿಗಳ ಪೀಠದಿಂದ ಹರಿಯಿತು. ಹಕ್ಕು ಹುಟ್ಟಿನಿಂದ ಬಂದದ್ದು, ತಂದೆಯು ಇದ್ದಿರಬೇಕಾಗಿಲ್ಲ. 2004ರ ದಶಂಬರ 20ರ ಒಳಗೆ ನೋಂದಣಿಯಾದ ಇಲ್ಲವೆ ಕೋರ್ಟಿನಿಂದ ಆದ ಪಾಲುಗಳಿಗೆ ಮಾತ್ರ ಬಾಧೆಯಿಲ್ಲ. ಬಾಯಿಮಾತಿನಲ್ಲಿ ಎಂದೋ ಪಾಲಾಗಿತ್ತೆಂಬ ಹೇಳಿಕೆಯನ್ನು ಸುಲಭವಾಗಿ ನಂಬಲಾಗದೆಂದೂ ಆ ಪೀಠವು ಎಚ್ಚರಿಸಿತು.

ತಿಕೋಟಾ ಬಬಲೇಶ್ವರ ಸೀಮೆಯ ಭಕ್ತರಿಗೆ ಈ ಮಾತುಗಳು ದೂರದವಲ್ಲ. ಒಂದು ಕಾಲಕ್ಕೆ ಮಳೆಯನ್ನು ನಂಬಿದ ಜೋಳದ ಹೊಲಗಳವು. ಬರ ಬಿದ್ದ ವರ್ಷ ಹೊಲವನ್ನು ಯಾರಿಗೆ ಕೊಟ್ಟರೂ ಬೇಡವೆನ್ನುವಂತಿತ್ತು. ಸೋದರಿಯೂ ಕೇಳುತ್ತಿರಲಿಲ್ಲ, ಅಣ್ಣನೂ ಅಂಜುತ್ತಿರಲಿಲ್ಲ. ಈಚೆಗೆ ಈ ಎರಡೂ ಊರುಗಳು ತಾಲೂಕಿನ ಸ್ಥಾನವನ್ನು ಪಡೆದವು, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಏರಿ ಬಂದಿತು, ದ್ರಾಕ್ಷಿಯ ಚಪ್ಪರಗಳೆದ್ದವು, ಒಣದ್ರಾಕ್ಷಿಯು ದೂರದೂರದ ಪೇಟೆಗಳಿಗೆ ಹೋಗುವದು. ನೀರಿನ ಸಂಗಡ ಹೊಲದ ಬೆಲೆಯೂ ಏರಿತು. ಬೆಲೆಯೇರಿದ್ದರಿಂದ ಅಕ್ಕತಂಗಿಯರ ಸಹಿಗೂ ಬೆಲೆ ಬಂದಿತು.

ಆ ಸಹಿಯನ್ನು ಪಡೆಯುವ ಕ್ರಮವನ್ನು ಎಲ್ಲರೂ ಕಂಡಿರುವರು. ಅಣ್ಣನು ಪಂಚಮಿಗೆ ತಂಗಿಯನ್ನು ಕರೆತರುವನು. ಉಂಡಿ, ಜೋಕಾಲಿ, ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಉಡಿ ತುಂಬುವದು ಎಲ್ಲವೂ ಸಾಂಗವಾಗಿ ಆಗುವದು. ಮರುದಿನ ನೋಂದಣಿಯ ಕಚೇರಿಗೆ ಹೋಗಿ ಹಕ್ಕು ಬಿಟ್ಟುಕೊಟ್ಟ ಪತ್ರ. ಸೀರೆಯಲ್ಲಿಯೂ ಖಣದಲ್ಲಿಯೂ ದೋಷವಿಲ್ಲ. ಅವು ತವರಿನ ಪ್ರೀತಿಯ ಗುರುತುಗಳು. ಅವನ್ನು 6 ಎಕರೆಯ ಬೆಲೆಯೆಂದು ಲೆಕ್ಕಹಾಕಿದಾಗ ಉಡಿ ತುಂಬುವ ಮಂಗಲಕಾರ್ಯವು ವ್ಯಾಪಾರವಾಗುವದು. ತಂಗಿಯು ಸಹಿ ಮಾಡುವದು ಬಹುಶಃ ಹೊಲದ ಆಸೆಯಿಲ್ಲದ್ದರಿಂದಲ್ಲ, ತವರು ತಪ್ಪೀತೆಂಬ ಅಂಜಿಕೆಯಿಂದ. ಇಬ್ಬರಿದ್ದಲ್ಲಿ ಒಬ್ಬಳು ಸಹಿ ಮಾಡಿ, ಇನ್ನೊಬ್ಬಳು ಮಾಡದೆ ನಿಂತರೆ, ಮುಂದಿನ ವರ್ಷ ಒಬ್ಬಳ ಮನೆಗೆ ಮಾತ್ರ ಕರೆಯುವದಕ್ಕೆ ಹೋಗುವರು. ಕರೆ ಬಂದವಳು ಕರೆ ಬಾರದವಳ ಮುಖವನ್ನು ನೋಡಲಾರಳು. ಅಕ್ಕತಂಗಿಯರ ಬಳಕೆಯೇ ಕಡಿದುಹೋದ ಮನೆಗಳು ಈ ಸೀಮೆಯಲ್ಲಿ ಒಂದೆರಡಲ್ಲ. ತನಗೆ ಬಂದದ್ದನ್ನು ತಿಳಿದು, ಬೇಡವೆಂದು ತಮ್ಮನಿಗೆ ಬಿಡುವ ಅಕ್ಕಂದಿರೂ ಇರುವರು. ಅದು ಅವಳ ಇಚ್ಛೆ, ಅದನ್ನು ಯಾರೂ ತಡೆಯತಕ್ಕದ್ದಲ್ಲ. ಏನನ್ನು ಬಿಡುತ್ತಿರುವೆನೆಂದು ಅವಳಿಗೆ ಗೊತ್ತಿರಬೇಕಷ್ಟೇ. ಕಾಗದವನ್ನು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡಲ್ಲಿ ಬಿಡುವದೆಂಬ ಮಾತೇ ಸಲ್ಲದು.

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಸಿದ್ಧೇಶ್ವರ ಸ್ವಾಮಿಗಳು 2023ರ ಜನೆವರಿ 2ರಂದು ದೇಹವಿಟ್ಟರು. ತಮ್ಮ ದೇಹಕ್ಕೆ ಅಗ್ನಿಸಂಸ್ಕಾರವಾಗಲಿ, ಸ್ಮಾರಕವು ಬೇಡವೆಂದು ಅವರು 2014ರಲ್ಲಿಯೇ ಬರೆದಿಟ್ಟಿದ್ದರು. ಕಿಸೆಯಿಲ್ಲದ ಅಂಗಿಯನ್ನು ತೊಡುತ್ತಿದ್ದವರಿಗೆ ಪಾಲಿನ ಚಿಂತೆಯಿರಲಿಲ್ಲ. ಸಂಸಾರಿಗಳ ಅಂಗಿಗೆ ಕಿಸೆಯುಂಟು, ಹೊಲಕ್ಕೆ ಉತಾರವುಂಟು. ಆದುದರಿಂದ ಅವರು ಬದುಕಿರುವಾಗಲೇ ಬರೆದಿಡತಕ್ಕದ್ದು ಬೇರೆಯೇ ಆಗಿರುವದು.

ತಂದೆಯು ತೀರಿದ ಮೇಲೆ ಉತಾರದಲ್ಲಿ ವಾರಸಾ ಹಚ್ಚುವಾಗ ಮನೆಯ ವಂಶಾವಳಿಯನ್ನು ಬರೆದುಕೊಡಬೇಕಾಗುವದು. ಎಷ್ಟೋ ಮನೆಗಳ ವಂಶಾವಳಿಯಲ್ಲಿ ಗಂಡುಮಕ್ಕಳ ಹೆಸರುಗಳು ಹಿರಿತನದ ಕ್ರಮದಲ್ಲಿ ಬರುವವು; ಕೊಟ್ಟ ಹೆಣ್ಣುಮಕ್ಕಳ ಹೆಸರು ಬರೆಯುವದಿಲ್ಲ, ಬರೆಯದಿದ್ದರೆ ಸಹಿಯ ಗೊಡವೆಯೂ ಇಲ್ಲವೆಂಬ ಎಣಿಕೆ. ಅಂಥ ವಂಶಾವಳಿಯು ಮುಂದೆ ಕೋರ್ಟಿನಲ್ಲಿ ನಿಲ್ಲುವದಿಲ್ಲ. ಊರೂರಿನ ಅಕ್ಕನ ಬಳಗದ ತಾಯಂದಿರು ಇದನ್ನೊಂದು ತಮ್ಮ ಕೆಲಸವೆಂದು ತಿಳಿದು, ಸೋಮವಾರದ ಭಜನೆಯಾದ ಮೇಲೆ ಒಂದು ಗಳಿಗೆ ಕುಳಿತು, ತಂತಮ್ಮ ತವರಿನ ವಂಶಾವಳಿಯನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ: ಮೊದಲು ಹುಟ್ಟಿದವರ ಹೆಸರು ಮೊದಲು, ಗಂಡಾಗಲಿ ಹೆಣ್ಣಾಗಲಿ. ಬಾಗೇವಾಡಿಯ ಮನೆಯದನ್ನು ಹಾಗೆ ಬರೆದರೆ ಮಾದರಸನ ಕೆಳಗೆ ನಾಗಮ್ಮನ ಹೆಸರು ಬರುವದು, ಅವಳ ತರುವಾಯ ಬಸವಣ್ಣನವರದು.